ದಿಮಾಪುರದಿಂದ ಹುಬ್ಬಳ್ಳಿಗೆ ಮೂರೇ ತಾಸು

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ನಡುವಿನ ದೂರವನ್ನೂ ಪ್ರಯಾಣದ ಹೊತ್ತನ್ನೂ ರೆಪ್ಪೆ ಬಡಿಯುವಷ್ಟರಲ್ಲಿ ಹೇಳಿಬಿಡುವ ಜಾಲತಾಣದ ಸಂಚಾಲಕರ ಸನ್ನಿಧಿಗೆ,

ಮಾನ್ಯರಲ್ಲಿ ಅತಿಮಾನ್ಯರೇ,

ಶಿರಸಿಯ ವೆಂಕಟ್ರಮಣ ನಾಯ್ಕ ಎಂಬ ನಾನು ನೆಲಕ್ಕೆ ಹಣೆ ತಾಗಿಸಿ ಮಾಡುವ ಈ ನಮಸ್ಕಾರವು, ಸದಾ ಮೋಡಗಳ ಮೇಲೆಯೇ ವಾಸವಾಗಿರುವ ತಮ್ಮ ಕಣ್ಣಿಗೆ ಬೀಳುವುದೋ ಇಲ್ಲವೋ ಎಂಬ ಅಳುಕಿನಿಂದಲೇ ಪತ್ರವನ್ನು ಆರಂಭಿಸುತ್ತಿದ್ದೇನೆ. ತಾಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನವರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಪಹಣಿಯಲ್ಲಿ ಹೆಸರು ತಪ್ಪಾದವರಿಗೆ, ಕಂಬವಿದ್ದೂ ಕರೆಂಟು ಬಾರದವರಿಗೆ, ಉಸಿರಾಡುತ್ತಿದ್ದರೂ ಸರಕಾರದ ಕಾಗದದಲ್ಲಿ ಸತ್ತುಹೋದವರಿಗೆ ನಾನು ಬರೆದುಕೊಟ್ಟ ಅರ್ಜಿಗಳು ಎಷ್ಟೋ ಫಲಿಸಿವೆ. ನನಗಾಗಿ ನಾನೇ ಬರೆದುಕೊಳ್ಳುತ್ತಿರುವುದು ಇದೇ ಮೊದಲು. ಆದ್ದರಿಂದ ಎಲ್ಲಾದರೂ ವಿನಯ ಕಡಿಮೆ ಬಿದ್ದರೆ ಅಭ್ಯಾಸದ ಕೊರತೆಯೆಂದು ಮನ್ನಿಸಬೇಕು.

ತಮ್ಮ ಪರಿಚಯ ನನಗಾದದ್ದು ಒಂದು ಮದುವೆಯ ಮಾತುಕತೆಯ ದೆಸೆಯಿಂದ. ನನ್ನ ಅಕ್ಕ ತಿಮ್ಮಿಯನ್ನು ಯಲ್ಲಾಪುರದ ಹತ್ತಿರದ ಗಣಪ ನಾಯ್ಕರಿಗೆ ಕೊಟ್ಟಿದೆ. ಅವರ ಒಬ್ಬಳೇ ಮಗಳು ಮಮತಾ, ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದವಳು. ನೀರು ಬೆರೆತ ಹಾಲನ್ನೂ ಬಣ್ಣ ಬೆರೆತ ಮಾತನ್ನೂ ಒಂದೇ ನೋಟಕ್ಕೆ ಗುರುತಿಸಿಬಿಡುತ್ತಾಳೆ. ಇಂಥವಳು ಸಿದ್ದಾಪುರದಲ್ಲಿ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ನಿಲ್ಕುಂದದ ಉದಯನನ್ನು ನೋಡಿ, ಪಾಯಸ ಬರುವಷ್ಟರಲ್ಲಿ ಪರೀಕ್ಷೆ ಮುಗಿಸಿ, ಪಾಸು ಮಾಡಿದ್ದಳು. ಹುಡುಗ ಒಳ್ಳೆಯವನು, ದುಡಿಯುವವನು, ಕೊರೆಯುವ ಯಂತ್ರ ನಡೆಸುವುದರಲ್ಲಿ ಗಟ್ಟಿಗ. ಇದ್ದ ತೊಡಕು ಒಂದೇ. ಅವನು ಕೊರೆಯುತ್ತಿದ್ದ ರೈಲಿನ ಸುರಂಗ ನಾಗಾಲ್ಯಾಂಡಿನಲ್ಲಿ, ದಿಮಾಪುರದ ಆಚೆ ಇತ್ತು.

ಭಾವನವರ ಷರತ್ತು ನಮ್ಮ ಕಡೆಗೆಲ್ಲ ಗೊತ್ತಿದ್ದದ್ದೇ. ಬೆಳಿಗ್ಗೆ ಗಂಜಿ ಉಂಡು ಹೊರಟರೆ ಹೊತ್ತು ಮುಳುಗುವುದರೊಳಗೆ ಮುಟ್ಟುವಷ್ಟು ದೂರಕ್ಕೆ ಮಾತ್ರ ಮಗಳನ್ನು ಕೊಡುವುದು, ಅದಕ್ಕಿಂತ ಆಚೆಯ ಗಂಡು ಬಂಗಾರದವನಾದರೂ ಬೇಡ. ಇದು ಹಟವಲ್ಲ, ಮಾನ್ಯರೇ. ಅವರ ತಂಗಿಯನ್ನು ಹಿಂದೆ ಸಾತಾರದ ಕಡೆ ಕೊಟ್ಟಿದ್ದರು. ಅವಳಿಗೆ ಜ್ವರ ಜೋರಾಗಿದೆ ಎಂಬ ಸುದ್ದಿ ಬಂದ ಕೂಡಲೇ ಭಾವ ಹೊರಟರೂ, ಬಸ್ಸು ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟಿದಾಗ ಅಂಗಳದಲ್ಲಿ ಬರೀ ಚಪ್ಪಲಿಗಳಿದ್ದವು, ಜನ ಸ್ಮಶಾನದಿಂದ ಆಗಷ್ಟೇ ಮರಳಿ ಬಂದಿದ್ದರು. ಅಂದಿನಿಂದ ಅವರು ದೂರವನ್ನು ಮೈಲಿಯಲ್ಲಿ ಅಳೆಯುವುದನ್ನು ಬಿಟ್ಟಿದ್ದಾರೆ.

ನಾನು ಸಂಬಂಧದ ಸುದ್ದಿ ತೆಗೆದುಕೊಂಡು ಹೋದಾಗ ಭಾವ ಕೇಳಿದ ಮೊದಲ ಪ್ರಶ್ನೆ, "ದಿಮಾಪುರ ಅಂದ್ರೆ ಎಲ್ಲಾತು ಅದು, ಸಿದ್ದಾಪುರದ ಆಚೆನ, ಈಚೆನ?"

ಸಿದ್ದಾಪುರ, ಯಲ್ಲಾಪುರ, ದಿಮಾಪುರ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಮೂರೂ ಒಂದೇ ಬಸ್ಸಿನ ನಿಲುಗಡೆಗಳಂತೆಯೇ ಕೇಳಿಸುತ್ತವೆ. ಆ ಭ್ರಮೆಯಲ್ಲೇ ಅವರನ್ನು ಬಿಡಬಹುದಿತ್ತು. ಆದರೆ ಮಮತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಫೋನು ತೆಗೆದೆ. ತಾವು ಪ್ರತ್ಯಕ್ಷರಾದಿರಿ.

ಅಂದು ತಾವು ಅನುಗ್ರಹಿಸಿದ ವಾಕ್ಯ ಇಂದಿಗೂ ನನ್ನ ಕಣ್ಣ ಮುಂದಿದೆ. ದಿಮಾಪುರ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಎರಡು ಸಾವಿರದ ಇನ್ನೂರು ಚಿಲ್ಲರೆ ಕಿಲೋಮೀಟರು, ಪ್ರಯಾಣದ ಅವಧಿ ಸುಮಾರು ಮೂರು ತಾಸು. ಎರಡು ಊರುಗಳ ನಡುವೆ ತಾವು ಎಳೆದಿದ್ದ ನೀಲಿ ಗೆರೆ ಎಷ್ಟು ನುಣುಪಾಗಿತ್ತೆಂದರೆ, ಅದರ ಮೇಲೆ ಎಲ್ಲಿಯೂ ಒಂದು ಹಂಪು ಕೂಡ ಕಾಣಲಿಲ್ಲ. ನಾನು ಫೋನನ್ನು ಭಾವನವರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ, ಗೆರೆಯ ಮೇಲೆ ಉಗುರು ಎಳೆದು ನೋಡಿದರು.

"ಮೂರೇ ತಾಸು ಹೌದ?"

"ಹೌದು ಭಾವ. ಇಲ್ಲೇ ಬರೆದದೆ."

"ನಿಲ್ಕುಂದದಿಂದ ಶಿರಸಿ ಮೇಲೆ ಇಲ್ಲಿಗೆ ಬರೂಕೆ ಎಷ್ಟಾತದೆ?"

ಬಸ್ಸು ಸರಿಯಾಗಿ ಸಿಕ್ಕರೆ ಅಷ್ಟೇ ಆಗುತ್ತದೆ, ಸಿಗದಿದ್ದರೆ ಹೆಚ್ಚಾಗುತ್ತದೆ ಎಂದೆ. ಭಾವ ಬೆರಳು ಮಡಿಚಿ ಲೆಕ್ಕ ಹಾಕಿ, "ಹಂಗಾರೆ ಹುಡುಗನ ಸ್ವಂತ ಊರಿಗಿಂತ ದಿಮಾಪುರವೇ ಹತ್ರ ಆತಲ್ಲ," ಎಂದರು. ತಿಮ್ಮಕ್ಕ ಮಾತ್ರ ಒಳಗಿನಿಂದ, "ಆ ಫೋನಿಗೆ ಹೆಣ್ಣುಮಕ್ಕಳು ಇದ್ದವ ಕೇಳು," ಎಂದಳು. ಆ ಪ್ರಶ್ನೆಯನ್ನು ಹಾಕಲು ತಮ್ಮಲ್ಲಿ ಜಾಗವಿಲ್ಲದ ಕಾರಣ ನಾನು ಕೇಳಲಿಲ್ಲ.

ಹೀಗೆ ತಮ್ಮ ಒಂದು ವಾಕ್ಯದ ಬಲದಿಂದ ನಿಶ್ಚಿತಾರ್ಥವಾಯಿತು. ಸಂಕ್ರಾಂತಿ ಕಳೆದ ಮೇಲೆ ಮದುವೆ, ಯಲ್ಲಾಪುರದ ಸಭಾಭವನದಲ್ಲಿ, ಮಧ್ಯಾಹ್ನದ ಅಭಿಜಿನ್ ಮುಹೂರ್ತಕ್ಕೆ. ಭಾವ ಆಮಂತ್ರಣ ಕೊಡಲು ಹೋದ ಮನೆಗಳಲ್ಲೆಲ್ಲ, ಅಳಿಯ ಇರುವುದು ಮೂರು ತಾಸಿನ ಹಾದಿಯಲ್ಲಿ ಎಂದು ಹೇಳಿಕೊಂಡು ಬಂದರು. ತಮ್ಮ ಕೀರ್ತಿ ಅರಬೈಲ್ ಘಟ್ಟದ ಕೆಳಗಿನವರೆಗೂ ಹಬ್ಬಿತು. ಅಂಕೋಲೆಗೆ ಮಗಳನ್ನು ಕೊಟ್ಟ ಒಬ್ಬರು, ತಾವು ದೂರ ಕೊಟ್ಟು ತಪ್ಪು ಮಾಡಿದೆವೇನೋ ಎಂದು ಪೇಚಾಡಿದರಂತೆ.

ಎರಡೂ ಕಡೆಯಿಂದ ಕೊರೆದು ಬಂದ ಸುರಂಗ ನಡುವೆ ಕೂಡುವ ಹೊತ್ತು ಬಂದಿದ್ದರಿಂದ ಉದಯನಿಗೆ ರಜೆ ಸಿಕ್ಕಿದ್ದು ಮದುವೆಯ ಹಿಂದಿನ ದಿನದಿಂದ. ಬೇರೆ ಯಾರೇ ಆಗಿದ್ದರೂ ಗಾಬರಿಯಾಗುತ್ತಿದ್ದರು. ನಾನು ತಮ್ಮ ಭಕ್ತ, ಗಾಬರಿಯಾಗಲಿಲ್ಲ. ಬೆಳಿಗ್ಗೆ ಹೊರಟರೆ ಮೂರು ತಾಸು, ಅದಕ್ಕೆ ಇನ್ನೂ ಮೂರು ತಾಸು ಸೇರಿಸಿದರೂ ಮದುವೆಯ ಹಿಂದಿನ ದಿನದ ದೇವರ ಊಟದ ಹೊತ್ತಿಗೆ ಹುಡುಗ ಹುಬ್ಬಳ್ಳಿಯಲ್ಲಿ ಇರುತ್ತಾನೆ ಎಂದು ಎರಡೂ ಮನೆಗೆ ಧೈರ್ಯ ಹೇಳಿದೆ. ದಿಮಾಪುರದಿಂದ ಹುಬ್ಬಳ್ಳಿಗೆ ಹಾರುವ ವಿಮಾನವೇ ಇಲ್ಲ, ಆ ಗೆರೆಯ ಮೇಲೆ ಇದುವರೆಗೆ ತಮ್ಮ ಹೊರತು ಯಾರೂ ಪ್ರಯಾಣ ಮಾಡಿಲ್ಲ ಎಂಬ ಸಣ್ಣ ಸಂಗತಿಯನ್ನು ತಾವು ಪುಟದ ತಳದಲ್ಲಿ ಇರುವೆಗಿಂತ ಚಿಕ್ಕ ಅಕ್ಷರದಲ್ಲಿ ಬರೆದಿದ್ದೀರೆಂದು ಟಿಕೆಟು ತೆಗೆಯುವ ದಿನ ಉದಯನೇ ನನಗೆ ಹೇಳಿದ. ಕೊಲ್ಕತ್ತಾದಲ್ಲಿ ಇಳಿದು, ಬೆಂಗಳೂರಿನಲ್ಲಿ ಇಳಿದು, ಅಲ್ಲಿಂದ ಹುಬ್ಬಳ್ಳಿಗೆ ಏರಬೇಕು. ಇರಲಿ, ಶಿರಸಿಯಲ್ಲಿ ಬಸ್ಸು ಬದಲಿಸಿದಂತೆ ಎಂದುಕೊಂಡೆವು.

ಮದುವೆಯ ಹಿಂದಿನ ಬೆಳಿಗ್ಗೆ ದಿಮಾಪುರದಲ್ಲಿ ಮಂಜು ಕವಿಯಿತು. ತಮ್ಮ ನೀಲಿ ಗೆರೆಗೆ ಮಂಜು ತಾಗುವುದಿಲ್ಲ, ವಿಮಾನಕ್ಕೆ ತಾಗುತ್ತದೆ. ಚಪ್ಪರದ ಕೆಲಸದ ನಡುವೆ ನನ್ನ ಫೋನು ಹೊಡೆದುಕೊಂಡಾಗಲೆಲ್ಲ ಭಾವ ಕತ್ತೆತ್ತಿ ನೋಡುತ್ತಿದ್ದರು. "ಮಾವ, ನಾ ಇನ್ನೂ ದಿಮಾಪುರದಲ್ಲೇ," ಎಂದ ಉದಯ. ಮಧ್ಯಾಹ್ನವೂ ಅದನ್ನೇ ಹೇಳಿದ. ಸಂಜೆ, "ಕೊಲ್ಕತ್ತಾ ಮುಟ್ಟಿದೆ ಮಾವ, ಆದ್ರೆ ಬೆಂಗಳೂರಿನ ವಿಮಾನ ಹೋಗಿಬಿಡ್ತು," ಎಂದ. ಹುಬ್ಬಳ್ಳಿಯ ವಿಮಾನದಲ್ಲಿ ಮರುದಿನಕ್ಕೂ ಜಾಗವಿರಲಿಲ್ಲವಾದ್ದರಿಂದ ಅವನನ್ನು ಗೋವಾಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಅವನ ಪೆಟ್ಟಿಗೆ ಮಾತ್ರ ಈ ಬದಲಾವಣೆಯನ್ನು ಒಪ್ಪದೆ, ತಮ್ಮ ಮೇಲಿನ ಗೌರವದಿಂದ, ಮದುವೆಯ ಧೋತರ ಶಲ್ಯಗಳ ಸಮೇತ ಹುಬ್ಬಳ್ಳಿಗೇ ಹೋಯಿತು.

"ಮೂರು ತಾಸು ಅಂದಿದ್ದೆ ನೀ," ಎಂದರು ಭಾವ. ತಿರುಗಿ ಚಪ್ಪರದ ಹಗ್ಗ ಬಿಗಿಯತೊಡಗಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಮದುವೆಯ ದಿನ ಬೆಳಗಾಗುತ್ತಲೇ ಉದಯ ಗೋವಾದಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು, ಕಾರವಾರ ದಾಟಿ, ಅಂಕೋಲೆ ದಾಟಿದ ಸುದ್ದಿ ಬಂತು. ಸಭಾಭವನದಲ್ಲಿ ಎಲ್ಲರ ಮುಖಕ್ಕೂ ಜೀವ ಬಂದು, ವಾಲಗದವರು ತಾವಾಗಿಯೇ ಒಂದು ರಾಗ ತೆಗೆದರು. ಅಷ್ಟರಲ್ಲಿ ಮತ್ತೆ ಫೋನು. ಅರಬೈಲ್ ಘಟ್ಟದಲ್ಲಿ ದಾರಿ ಬಂದ್ ಆಗಿತ್ತು.

ಅಡ್ಡ ಬಿದ್ದದ್ದು ಏನೆಂದು ತಮಗೆ ಹೇಳಿದರೆ ಸಂತೋಷಪಡುವಿರಿ. ಅದೊಂದು ರೆಕ್ಕೆ. ಗಾಳಿಯಿಂದ ಕರೆಂಟು ತೆಗೆಯುವ ಯಂತ್ರದ ರೆಕ್ಕೆಯನ್ನು ಉದ್ದನೆಯ ಲಾರಿಯ ಮೇಲೆ ಮಲಗಿಸಿ ಘಟ್ಟ ಹತ್ತಿಸುತ್ತಿದ್ದರು. ತಿರುವಿನಲ್ಲಿ ಅದರ ತುದಿ ಗುಡ್ಡಕ್ಕೂ ಬುಡ ಕಟ್ಟೆಗೂ ಸಿಕ್ಕಿಕೊಂಡು, ಲಾರಿ ಹಿಂದಕ್ಕೂ ಹೋಗದೆ ಮುಂದಕ್ಕೂ ಬಾರದೆ ನಿಂತಿತ್ತು. ಅಷ್ಟು ದಿನಗಳಿಂದ ನಾವು ಬಯಸುತ್ತಿದ್ದ ರೆಕ್ಕೆ ಕೊನೆಗೂ ಯಲ್ಲಾಪುರದ ಹಾದಿಯಲ್ಲಿ ಕಾಣಿಸಿಕೊಂಡಿತ್ತು. ಅದರ ಕೆಳಗೆ ಸಾಲಾಗಿ ವಾಹನಗಳು ನಿಂತಿದ್ದವು, ಎಲ್ಲೋ ಕೊನೆಯಲ್ಲಿ ನಮ್ಮ ಮದುಮಗ.

ಪುರೋಹಿತರಾದ ರಘುಪತಿ ಭಟ್ಟರು ಗಡಿಯಾರ ನೋಡಿ, "ಈ ಮುಹೂರ್ತ ತಪ್ಪಿದ್ರೆ ಮತ್ತೆ ಒಳ್ಳೇದು ಇರೋದು ಮುಂದಿನ ತಿಂಗಳು," ಎಂದರು. ಮುಂದಿನ ತಿಂಗಳು ಉದಯನಿಗೆ ರಜೆಯಿಲ್ಲ. ಆಗ ಭಾವ ಎದ್ದು ನಿಂತರು. ತಲೆಯ ರುಮಾಲನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು.

"ಭಟ್ರೇ, ಈ ಮದುವೆ ಬೇಡ. ಮದುವೆ ದಿನಕ್ಕೇ ಬರೂಕಾಗದವರು ನಾಳೆ ಕಷ್ಟ ಅಂದ್ರೆ ಬತ್ರ? ನನ್ನ ತಂಗಿಗೆ ಆದದ್ದು ಸಾಕು. ಬಂದವರಿಗೆ ಊಟ ಹಾಕಿ ಕಳಿಸುವ."

ಗಂಡಿನ ಕಡೆಯವರು ನಿಲ್ಕುಂದದಿಂದ ಕತ್ತಲಲ್ಲೇ ಹೊರಟು ಬಂದು ಕೂತಿದ್ದರು. ಅವರೂ ಒಬ್ಬೊಬ್ಬರಾಗಿ ಎದ್ದು ನಿಂತರು. ಇಷ್ಟು ವರ್ಷ ಬೇರೆಯವರ ಪರವಾಗಿ ಸಾವಿರ ವಿನಂತಿ ಬರೆದ ನನಗೆ ಆ ಹೊತ್ತಿಗೆ ಒಂದು ಒಕ್ಕಣೆಯೂ ಹೊಳೆಯಲಿಲ್ಲ. ಮದುಮಗಳ ಕೋಣೆಯಿಂದ ಮಮತಾ ಬಾಸಿಂಗ ಕಟ್ಟಿಕೊಂಡೇ ಹೊರಗೆ ಬಂದಳು.

"ಅಪ್ಪ, ಅವರು ದಿಮಾಪುರದಲ್ಲಿ ಇಲ್ಲ. ಈಗ ಅರಬೈಲಿನಲ್ಲಿ ಇದ್ರು. ಅರಬೈಲು ದೂರ ಅಲ್ಲ, ಅಲ್ದ?"

ಭಾವ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡರು.

"ಎರಡು ಸಾವಿರ ಕಿಲೋಮೀಟರು ಅವರು ಬಂದಾಯ್ತು. ಉಳಿದ ಚೂರು ನಾವು ಹೋಗುವ. ನೀ ಬರದಿದ್ರೆ ಆಯಿ ಬತ್ತಳೆ," ಎಂದು ಅವಳು ಚಪ್ಪಲಿ ಹುಡುಕತೊಡಗಿದಳು. ತಿಮ್ಮಕ್ಕ ಆಗಲೇ ಆರತಿಯ ತಟ್ಟೆ ಹಿಡಿದು ಮೆಟ್ಟಿಲಿಳಿದಿದ್ದಳು. ಭಟ್ಟರು ಒಂದು ಕ್ಷಣ ಯೋಚಿಸಿ, ಶಾಸ್ತ್ರದಲ್ಲಿ ಕಾಲಕ್ಕೆ ಕಟ್ಟುನಿಟ್ಟು ಇದೆಯೇ ಹೊರತು ಸ್ಥಳಕ್ಕೆ ಅಷ್ಟಿಲ್ಲ ಎಂದು ತೀರ್ಪು ಕೊಟ್ಟು ದರ್ಭೆಯ ಚೀಲ ಎತ್ತಿಕೊಂಡರು. ಕಡೆಗೆ ಭಾವ ಬಂದು ಟೆಂಪೋದ ಹಿಂದಿನ ಸೀಟಿನ ಮೂಲೆಯಲ್ಲಿ ಕೂತರು. ಒಪ್ಪಿಗೆಯಿಂದ ಬಂದರೋ, ಮಗಳನ್ನು ಒಬ್ಬಳೇ ಕಳಿಸಲಾರದೆ ಬಂದರೋ, ಅವರ ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಘಟ್ಟದ ಮೇಲಿನ ಬದಿಯಲ್ಲೂ ಲಾರಿಗಳು ಸಾಲುಗಟ್ಟಿದ್ದವು. ಟೆಂಪೋ ಬಿಟ್ಟು ಇಳಿಜಾರಿನಲ್ಲಿ ನಡೆದೆವು. ಮುಂದೆ ಜರಿಸೀರೆಯ ಮದುಮಗಳು, ಹಿಂದೆ ಆರತಿ ತಟ್ಟೆ, ಅದರ ಹಿಂದೆ ಬುಟ್ಟಿಯಲ್ಲಿ ಹೂಮಾಲೆ ತಾಳಿ, ಗಂಡಿನ ಕಡೆಯವರು, ಕೊನೆಗೆ ಒಬ್ಬನೇ ವಾಲಗದವನು. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದ ಲಾರಿಯವರು ಒಬ್ಬೊಬ್ಬರಾಗಿ ಎದ್ದು ನೋಡಿದರು. ರೆಕ್ಕೆಯ ಹತ್ತಿರ ಕಾವಲಿಗಿದ್ದ ಪೊಲೀಸು ಬಸವರಾಜ ಎಂಬವರು ಹಾವೇರಿ ಕಡೆಯವರು. ಕೈ ಅಡ್ಡ ಹಿಡಿದು, "ಎಲ್ಲಿಗ್ ಹೊಂಟೀರಿ? ದಾರಿ ಬಂದ್ ಐತ್ರಿ," ಎಂದರು.

"ಮದುವೆಗೆ," ಎಂದಳು ತಿಮ್ಮಕ್ಕ.

"ಮದುವಿ ಎಲ್ಲೈತ್ರಿ?"

"ಇಲ್ಲೇ," ಎಂದಳು ಮಮತಾ.

ಬಸವರಾಜರು ಅವಳ ಬಾಸಿಂಗವನ್ನೂ ಭಟ್ಟರ ಚೀಲವನ್ನೂ ಒಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು, "ಹಂಗಾದ್ರ ಬರ್ರಿ. ಎಡಕ್ಕ ಸರದು ಬರ್ರಿ, ತೆಳಗ ಗಾಜು ಬಿದ್ದಾವ," ಎಂದು ದಾರಿ ಬಿಟ್ಟರು.

ಆ ಹೊತ್ತಿಗೆ ಉದಯ ಕೆಳಗೆ ಕಾರು ಬಿಟ್ಟು, ಅಂಕೋಲೆಯಿಂದ ಘಟ್ಟದ ಮೇಲೆ ಮೀನು ಮಾರಲು ಬರುವವನೊಬ್ಬನ ಬೈಕಿನ ಹಿಂದೆ, ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕೂತು, ನಿಂತ ವಾಹನಗಳ ಸಂದಿಯಲ್ಲಿ ತೂರಿಕೊಂಡು ಬರುತ್ತಿದ್ದ. ರೆಕ್ಕೆಯ ಆಚೆ ಬೈಕು ನಿಂತಿತು. ಅವನು ಇಳಿದು, ನಡು ಮುರಿಯುವಷ್ಟು ಬಗ್ಗಿ, ರೆಕ್ಕೆಯ ಕೆಳಗಿನಿಂದ ಈಚೆಗೆ ನುಸುಳಿ, ನೇರ ಭಾವನವರ ಕಾಲ ಬುಡದಲ್ಲಿ ತಲೆಯೆತ್ತಿದ. ಮದುವೆಗೆ ಮುಂಚೆಯೇ ಮಾವನಿಗೆ ಅಷ್ಟು ಬಗ್ಗಿದ ಅಳಿಯನನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಎರಡು ದಿನದ ಗಡ್ಡ, ಸುರಂಗದ ಕೆಲಸದ ಬೂಟು, ಪ್ಯಾಂಟಿನಿಂದ ಬಂಗಡೆಯ ನೀರು ತೊಟ್ಟಿಕ್ಕುತ್ತಿತ್ತು. ರಘುಪತಿ ಭಟ್ಟರು ಶಲ್ಯವನ್ನು ಮೂಗಿನವರೆಗೆ ಎಳೆದುಕೊಂಡವರು ಮಂಗಳಾಷ್ಟಕ ಮುಗಿಯುವವರೆಗೂ ಇಳಿಸಲಿಲ್ಲ.

ಮುಹೂರ್ತಕ್ಕೆ ಸ್ವಲ್ಪವೇ ಹೊತ್ತಿತ್ತು. ಆದರೂ ಭಾವ ಹುಡುಗನ ಮುಂದೆ ನಿಂತು ಕೇಳಿದರು. "ಕರೆದ್ರೆ ಬತ್ಯ? ನಾಳೆ ನನ್ನ ಮಗಳಿಗೋ, ಅವಳ ಆಯಿಗೋ ಕಷ್ಟ ಅಂತ ಸುದ್ದಿ ಬಂದ್ರೆ, ಕರೆದ ದಿನ ಬತ್ಯ?"

ಇಲ್ಲಿ ಹುಡುಗ 'ಬರುತ್ತೇನೆ' ಎಂದುಬಿಟ್ಟಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಆದರೆ ಅವನು, "ಕರೆದ ದಿನ ಹೊರಡ್ತೆ ಮಾವ," ಎಂದ. "ಮುಟ್ಟೂದು ನನ್ನ ಕೈಲಿಲ್ಲ, ಈಗ ಕಂಡ್ರಲ್ಲ. ಹೊರಡೂದು ನನ್ನ ಕೈಲದೆ. ಅವಳನ್ನೂ ಹೊರಡಿಸ್ತೆ."

ಭಾವ ಅವನನ್ನು ನೋಡುತ್ತಲೇ ಇದ್ದರು. ಸಾತಾರದ ಹಾದಿಯಲ್ಲಿ ಬಸ್ಸು ಬದಲಿಸುತ್ತ ಕೂತಿದ್ದ ಆ ದಿನದ ಗಣಪ ನಾಯ್ಕರನ್ನೇ ಅವರು ಅಲ್ಲಿ ಕಂಡಿರಬೇಕು. ಅಂದು ಅವರೂ ಸುದ್ದಿ ಬಂದ ಕೂಡಲೇ ಹೊರಟವರು. ಹೆಗಲ ಮೇಲಿದ್ದ ರುಮಾಲನ್ನು ತೆಗೆದು ಮತ್ತೆ ತಲೆಗೆ ಸುತ್ತಿದರು. "ಭಟ್ರೇ, ನೀರು ಎಲ್ಲದೆ," ಎಂದರು.

ಧಾರೆಯ ಗಿಂಡಿ ಸಭಾಭವನದಲ್ಲೇ ಉಳಿದಿತ್ತು. ರೆಕ್ಕೆಯ ಲಾರಿಯ ಚಾಲಕ ಪಂಜಾಬಿನವನು, ತನ್ನ ಕುಡಿಯುವ ನೀರಿನ ಕ್ಯಾನು ತಂದು ಎರಡೂ ಕೈಯಿಂದ ಎತ್ತಿ ಹಿಡಿದುಕೊಟ್ಟ. ರಸ್ತೆಯ ಅಂಚಿನಲ್ಲಿ ಮಗಳ ಕೈಯನ್ನು ಉದಯನ ಕೈಯಲ್ಲಿಟ್ಟು ಭಾವ ಧಾರೆ ಎರೆದರು. ಕ್ಯಾನಿನ ಬಾಯಿ ಅಗಲವಾಗಿದ್ದರಿಂದ ಅರ್ಧ ನೀರು ಹುಡುಗನ ಬೂಟಿನೊಳಗೆ ಹೋಯಿತು. ತಾಳಿ ಕಟ್ಟುವಾಗ ಒಬ್ಬ ಲಾರಿಯವನು ಹಾರ್ನು ಒತ್ತಿದ. ಮೇಲೂ ಕೆಳಗೂ ನಿಂತಿದ್ದವರೆಲ್ಲ ಅದನ್ನೇ ಹಿಡಿದು ಒತ್ತತೊಡಗಿದರು. ವಾಲಗದವನು ತನ್ನ ಕೆಲಸ ಮುಗಿಯಿತೆಂದು ಶಹನಾಯಿ ಕೆಳಗಿಳಿಸಿದ. ಬಸವರಾಜರು ಜೇಬಿನಲ್ಲಿದ್ದ ಪೆಪ್ಪರಮಿಂಟನ್ನೇ ಮುಯ್ಯಿ ಎಂದು ಮಮತಾಳ ಕೈಗಿಟ್ಟರು.

ಮಾನ್ಯರೇ, ಇಷ್ಟು ಮಂಗಳ ಕಾರ್ಯಕ್ಕೆ ಕಾರಣರಾದ ತಮ್ಮನ್ನು ದೂರುವುದು ಕೃತಘ್ನತೆಯಾದೀತು. ಆದ್ದರಿಂದ ಇವನ್ನು ದೂರು ಎಂದು ಭಾವಿಸದೆ ವಿನಂತಿಗಳೆಂದು ಭಾವಿಸಬೇಕು. ದಿಮಾಪುರವನ್ನು ದಯವಿಟ್ಟು ತಮ್ಮ ಗೆರೆಯ ಮೇಲೆಯೇ ಸ್ವಲ್ಪ ಸ್ವಲ್ಪವಾಗಿ ಎಳೆದು ಮುಂಡಗೋಡದ ಆಸುಪಾಸಿಗೆ ತಂದು ನಿಲ್ಲಿಸಲು ಸಾಧ್ಯವೇ ಪರಿಶೀಲಿಸಬೇಕು. ದಿಮಾಪುರದಲ್ಲಿ ಮಧ್ಯಾಹ್ನದ ಚಹಾ ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ ಎಂದು ಗಂಡನ ಜೊತೆ ಅಲ್ಲಿಗೆ ಹೋಗಿರುವ ಮಮತಾ ಹೇಳುತ್ತಾಳಾದ್ದರಿಂದ, ದೂರವನ್ನು ಹೊತ್ತು ಮುಳುಗುವುದರ ಮೇಲೆ ಅಳೆಯುವ ನಮ್ಮಂಥವರ ಸಲುವಾಗಿ ಸೂರ್ಯನಿಗೆ ತಾವೇ ಒಂದು ಮಾತು ಹೇಳಬೇಕು. ನಿಲ್ಕುಂದದಲ್ಲಿ ಒಂದು ವಿಮಾನ ನಿಲ್ದಾಣವಿದೆಯೆಂದು ತಮ್ಮ ಪುಟದಲ್ಲಿ ಸೇರಿಸಿಬಿಡಬೇಕು. ಇಲ್ಲದ ವಿಮಾನದ ಅವಧಿಯನ್ನು ಹೇಳಬಲ್ಲ ತಮಗೆ ಇಲ್ಲದ ನಿಲ್ದಾಣ ಭಾರವಾಗಲಾರದು. ನಮ್ಮವರೂ ಶಿರಸಿಯ ಬಸ್ಸಿಗೆ ಕಾಯುತ್ತ ಅದನ್ನು ನೋಡಿ ಸಂತೋಷಪಡುವರು. ಮಂಜು, ರೆಕ್ಕೆ, ತಂದೆಯ ಮನಸ್ಸು ಇವುಗಳಿಗೆ ತಗಲುವ ಹೊತ್ತನ್ನು ಅವಧಿಯಲ್ಲಿ ಸೇರಿಸಬೇಕೆಂದು ನಾನು ಕೇಳುವುದಿಲ್ಲ. ಅಷ್ಟು ದೊಡ್ಡ ಸಂಖ್ಯೆ ತಮ್ಮ ಚೌಕದೊಳಗೆ ಹಿಡಿಸಲಿಕ್ಕಿಲ್ಲ.

ಮದುವೆಯಾದ ಮೇಲೆ ಬಹಳ ದಿನ ಭಾವ ನನ್ನೊಡನೆ ಮಾತಾಡಲಿಲ್ಲ. ಗದ್ದೆ ಕೆಲಸ ಮುಗಿದ ಮೇಲೆ ಅವರೂ ತಿಮ್ಮಕ್ಕನೂ ಮಗಳನ್ನು ನೋಡಲು ಹೊರಟರು. ವಿಮಾನ ಬೇಡವೆಂದು ರೈಲಿನಲ್ಲೇ ಹೋದರು. ಎಷ್ಟು ಹೊತ್ತಾಗುತ್ತದೆಂದು ಯಾರನ್ನೂ ಕೇಳಲಿಲ್ಲ. ತಿಮ್ಮಕ್ಕ ಉಪ್ಪಿನಕಾಯಿಯ ಭರಣಿಯನ್ನು ಮಡಿಲಿನಿಂದ ಇಳಿಸದೆ ಅಸ್ಸಾಮಿನವರೆಗೆ ಕೂತಿದ್ದಳಂತೆ. ಮಗಳು ಅಲ್ಲಿಯೂ ಒಂದು ಡೇರಿ ಹುಡುಕಿಕೊಂಡಿದ್ದಾಳೆ, ಅಲ್ಲಿನವರು ಆಗಲೇ ಅವಳಿಗೆ ಹೆದರುತ್ತಾರೆ. ತಿರುಗಿ ಬಂದ ದಿನ ಭಾವ ಶಿರಸಿಯಲ್ಲಿ ಬಸ್ಸಿಳಿದು, ಮನೆಗೆ ಹೋಗುವ ಮೊದಲು ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು ಕಾಲು ಚಾಚಿದರು.

"ದೂರ ಹೌದು ಮಾರಾಯ," ಎಂದರು. ಚಹಾ ಬಂದ ಮೇಲೆ ಒಂದು ಗುಟುಕು ಕುಡಿದು, "ಆದ್ರೆ ಮುಟ್ಟೂಕಾತದೆ," ಎಂದರು.

ಇನ್ನೂ ನೆಲದ ಮೇಲೆಯೇ ಓಡಾಡಿಕೊಂಡಿರುವ ತಮ್ಮ ವಿಶ್ವಾಸಿ,
ವೆಂಕಟ್ರಮಣ ನಾಯ್ಕ
ಶಿರಸಿ

ವಿ.ಸೂ.: ಈ ಪತ್ರವನ್ನು ರಿಜಿಸ್ಟರು ಅಂಚೆಯಲ್ಲಿ ಕಳಿಸಬೇಕೆಂದಿದ್ದೆ. ಭೂಮಿಯ ಮೇಲಿನ ಯಾವ ಊರು ಯಾವ ಊರಿಗೆ ಎಷ್ಟು ದೂರವೆಂದು ಬಲ್ಲ ತಾವು, ತಾವು ಇರುವ ಊರು ಯಾವುದೆಂದು ಮಾತ್ರ ಎಲ್ಲಿಯೂ ಬರೆದಿಲ್ಲವಾದ್ದರಿಂದ ಬಹಿರಂಗವಾಗಿ ಪ್ರಕಟಿಸಬೇಕಾಯಿತು. ವಿಳಾಸ ಕಳಿಸುವ ಕೃಪೆ ಮಾಡಬೇಕು. ತಮ್ಮನ್ನು ಖುದ್ದಾಗಿ ಕಂಡು ಮಾತಾಡಿಸುವ ಆಸೆ ಭಾವನವರಿಗೆ ಬಹಳವಾಗಿದೆ. ಈಗ ಅವರಿಗೆ ಯಾವ ಊರೂ ದೂರವಲ್ಲ.